ಬ್ಲಾಕಿನ ಸುತ್ತ ಎಂಟು ಸುತ್ತು

ಹೋದ ತಿಂಗಳ ಕೊನೆಯ ದಿನ ನಮ್ಮ ಕಚೇರಿಯಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತು. ಸಮೋಸ, ಗುಲಾಬ್ ಜಾಮೂನು, ಒಂದು ಶಾಲು, ಒಂದು ಗೋಡೆ ಗಡಿಯಾರ. ಇನ್ನು ಮೇಲೆ ಹೊತ್ತು ನೋಡಿಕೊಂಡು ಓಡುವ ಅಗತ್ಯವೇ ಇಲ್ಲ ಎನ್ನುವ ದಿನ ಸರ್ಕಾರಿ ನೌಕರರಿಗೆ ಗೋಡೆ ಗಡಿಯಾರವನ್ನೇ ಯಾಕೆ ಕೊಡುತ್ತಾರೋ ನನಗೆ ಇಂದಿಗೂ ಅರ್ಥವಾಗಿಲ್ಲ. "ನೀವು ಅವರ ಭಾಷೆಯವರು, ನೆರೆಮನೆಯವರು ಬೇರೆ, ಎರಡು ಮಾತಾಡಿ" ಎಂದರು. ನಾನು ಎದ್ದು ಮೂರು ಮಾತಾಡಿದೆ. ಇವರು ಯಾವ ಹೊತ್ತಿಗೆ ಕರೆದರೂ ಸಿಗುತ್ತಿದ್ದರು. ಯಾವತ್ತೂ ಆಗುವುದಿಲ್ಲ ಎಂದವರಲ್ಲ. ಕಚೇರಿಯೇ ಇವರಿಗೆ ಮನೆಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರೂ ಸುಳ್ಳು.

ಹಾರದ ಭಾರಕ್ಕೆ ಕತ್ತು ಸ್ವಲ್ಪ ಬಗ್ಗಿಸಿ ಕುಳಿತಿದ್ದ ಅವರು ನನ್ನತ್ತ ನೋಡಿ ನಕ್ಕರು. ಆ ನಗುವಿನಲ್ಲಿ ಕೊಂಕು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ನಿಜ ಹೇಳಲು ಹೊರಟರೆ ನಾನು ಅವರಿಗೆ ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಐವತ್ತು ಜನರ ಮುಂದೆ ಅದಕ್ಕೆ ಬಾಯಿ ಬರಲಿಲ್ಲ, ಈಗ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಹಾಕುವುದಾದರೆ ಅವರನ್ನು ಕೇಳಬೇಕು, ಕೇಳಿದರೆ ಬೇಡ ಎನ್ನುತ್ತಾರೆ.

ಅವರನ್ನು ಮೊದಲು ನೋಡಿದ್ದು ನಾನು ಬೆಂಗಳೂರಿನಿಂದ ಡೆಪ್ಯುಟೇಶನ್ ಮೇಲೆ ದೆಹಲಿಗೆ ಬಂದ ಮೊದಲ ಜನವರಿಯಲ್ಲಿ. ಮೂರು ವರ್ಷಕ್ಕೆಂದು ಬಂದವನು ಹದಿನಾಲ್ಕು ವರ್ಷವಾದರೂ ಇಲ್ಲೇ ಇದ್ದೇನೆ, ಅದು ಬೇರೆ ಕಥೆ. ಲೋಧಿ ಕಾಲೋನಿಯ ಹಳೆಯ ಸರ್ಕಾರಿ ಬ್ಲಾಕೊಂದರಲ್ಲಿ ಮನೆ ಸಿಕ್ಕಿತ್ತು. ಬೆಳಗಿನ ಐದೂವರೆಗೆ ಹಾಲಿನ ಬೂತಿಗೆ ಹೊರಟರೆ ಎದುರಿನ ಬೇವಿನ ಮರವೂ ಕಾಣದಷ್ಟು ಮಂಜು. ಆ ಮಂಜಿನೊಳಗಿಂದ ಸಲ್ವಾರ್ ಕಮೀಜ್, ಕೈಯಲ್ಲೇ ಹೆಣೆದ ಸ್ವೆಟರ್, ಮಂಕಿ ಕ್ಯಾಪ್ ತೊಟ್ಟ ಹೆಂಗಸೊಬ್ಬರು ಧಡಧಡ ಓಡಿಬಂದರು. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದುಕೊಂಡು, ಕಳ್ಳನಿಗೆ ಬಾರಿಸುವ ಧೈರ್ಯ ತಂದುಕೊಂಡು, ಹಾಲಿನ ಕ್ಯಾನು ಎತ್ತಿ ಹಿಡಿದು ನಿಂತೆ. ಹಿಂದೆ ಯಾರೂ ಬರಲಿಲ್ಲ. ಒಂದು ಕಂದು ಬೀದಿನಾಯಿ ಬಂತು, ಅದೂ ನಿಧಾನಕ್ಕೆ.

"ಅಯ್ಯೋ ರಾಮ, ಏನಾಯ್ತಪ್ಪ ಇವರಿಗೆ!" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

ದಾಟಿ ಹೋದವರು ಮಂಜಿನೊಳಗಿಂದಲೇ ಕನ್ನಡದಲ್ಲಿ ಉತ್ತರ ಕೊಟ್ಟರು: "ಏನೂ ಆಗಿಲ್ಲ ಸಾರ್, ಓಡ್ತಿದೀನಿ ಅಷ್ಟೇ."

ಆ ದಿನವೇ ಕಚೇರಿಯಲ್ಲಿ ಅವರನ್ನು ಮತ್ತೆ ನೋಡಿದೆ. ನಮ್ಮ ಸಚಿವಾಲಯದಲ್ಲೇ ಸ್ಟೆನೋ ಆಗಿದ್ದರು. ಚಿತ್ರದುರ್ಗದ ಕಡೆಯವರು, ಇಂಗ್ಲಿಷ್ ಕನ್ನಡ ಎರಡರಲ್ಲೂ ಶೀಘ್ರಲಿಪಿ ಕಲಿತವರು. ಆಗ ನಲವತ್ತಾರು ವಯಸ್ಸು. ಗಂಡ ಲೆಕ್ಕಪರಿಶೋಧನೆಯ ಇಲಾಖೆಯಲ್ಲಿ, ತಿಂಗಳಿಗೆ ಇಪ್ಪತ್ತು ದಿನ ಟೂರು. ಮಗಳು ಏಳನೇ ಕ್ಲಾಸು. ಮನೆಯಲ್ಲಿ ಸೊಂಟದ ಮೂಳೆ ಮುರಿದು ನಡೆಯಲಾರದ ಅತ್ತೆ. ಇಷ್ಟು ಕಟ್ಟಿಕೊಂಡು ಈ ಹೆಂಗಸು ಬೆಳಿಗ್ಗೆ ಓಡುವುದೆಂದರೆ ಒಂದೋ ಹುಚ್ಚು, ಇಲ್ಲವೇ ಡಾಕ್ಟರ ಆಜ್ಞೆ ಎಂದು ನಾನು ತೀರ್ಮಾನಿಸಿದ್ದೆ. ಎರಡೂ ಆಗಿರಲಿಲ್ಲ.

ಅವರು ಓಡುತ್ತಿದ್ದದ್ದು ನಮ್ಮ ಬ್ಲಾಕಿನ ಸುತ್ತ ಮಾತ್ರ. ಹತ್ತು ನಿಮಿಷ ನಡೆದರೆ ದೊಡ್ಡ ಉದ್ಯಾನವಿದೆ, ದೆಹಲಿಯ ಅರ್ಧ ಜನ ಅಲ್ಲಿಗೆ ಕಾರಿನಲ್ಲಿ ಬಂದು ಓಡುತ್ತಾರೆ. ಇವರು ಅಲ್ಲಿಗೆ ಹೋಗುವಂತಿರಲಿಲ್ಲ. ಒಂದು ಸುತ್ತಿಗೆ ನಾಲ್ಕು ನಿಮಿಷ, ನಾಲ್ಕು ನಿಮಿಷಕ್ಕೊಮ್ಮೆ ತಮ್ಮ ಬಾಲ್ಕನಿಯ ಕೆಳಗೆ ಹಾದುಹೋಗಬೇಕು. ಬಾಲ್ಕನಿಯಲ್ಲಿ ಅತ್ತೆಯ ಕುರ್ಚಿ. ಎಲ್ಲ ಸರಿಯಿದ್ದರೆ ಕಂಬಿಯ ಮೇಲೆ ಬಿಳಿ ಟವೆಲ್ಲು ಇರುತ್ತಿತ್ತು. ಅತ್ತೆಗೆ ಏನಾದರೂ ಬೇಕಾದರೆ ಟವೆಲ್ಲನ್ನು ಎಳೆದುಕೊಳ್ಳಬೇಕು. ಟವೆಲ್ಲು ಕಾಣದಿದ್ದರೆ ಸೊಸೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗುತ್ತಿದ್ದರು.

ಆ ಅಜ್ಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. "ಹೆಂಗಸರು ಮನೇಲಿ ಓಡಾಡೋದು ಸಾಲ್ದು ಅಂತ ಬೀದೀಲಿ ಬೇರೆ ಓಡ್ಬೇಕಾ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಐದೂಕಾಲಿಗೆ ಶಾಲು ಹೊದ್ದು, ಕುರ್ಚಿ ಹಿಡಿದು, ಮಡಿಲಲ್ಲಿ ಹುಣಸೆ ಬೀಜ ಇಟ್ಟುಕೊಂಡು ಕೂರುತ್ತಿದ್ದವರೂ ಅವರೇ. ಸೊಸೆ ಒಂದು ಸುತ್ತು ಬಂದರೆ ಒಂದು ಬೀಜ ಪಕ್ಕದ ಲೋಟಕ್ಕೆ. ಎಂಟು ಬೀಜ ಬಿದ್ದರೆ ಆ ದಿನ ಸರಿ. ಒಮ್ಮೆ ಸೊಸೆ ಕಾಲು ನೋವೆಂದು ಏಳೇ ಸುತ್ತಿಗೆ ಮೇಲೆ ಬಂದಾಗ, "ಒಂದು ಬೀಜ ಉಳ್ಕೊಂಡಿದೆ ಕಣೇ" ಎಂದು ಮತ್ತೆ ಕೆಳಗೆ ಅಟ್ಟಿದರಂತೆ.

ಸೊಸೆ ಹೊತ್ತು ಹೊಂದಿಸುತ್ತಿದ್ದ ರೀತಿ ನನಗೆ ಗೊತ್ತಾದದ್ದು ನನ್ನ ಹೆಂಡತಿಯಿಂದ. ತರಕಾರಿ ರಾತ್ರಿಯೇ ಹೆಚ್ಚಿ ಡಬ್ಬದಲ್ಲಿ. ಬೇಳೆ ನೆನೆಸಿಟ್ಟದ್ದು. ಚಪಾತಿ ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿದ್ದು. ಮಗಳ ಯೂನಿಫಾರ್ಮು ಇಸ್ತ್ರಿ ಭಯ್ಯಾನಿಂದ ಹಿಂದಿನ ಸಂಜೆಯೇ ಬಂದದ್ದು. ಇಷ್ಟೆಲ್ಲ ಆದ ಮೇಲೂ ಮೂವತ್ತೆರಡು ನಿಮಿಷದ ಮೇಲೆ ಮೂವತ್ತಮೂರನೆಯದು ಸಿಗುತ್ತಿರಲಿಲ್ಲ. ಓಡಿ ಬಂದು ಬೆವರೊರೆಸಿಕೊಳ್ಳುವ ಹೊತ್ತಿಗೆ ಮಗಳು, "ಮಮ್ಮೀ, ಮೇರಾ ಸಾಕ್ಸ್ ಎಲ್ಲಿ?" ಎಂದು ಕೂಗುತ್ತಿದ್ದಳು. ಆ ಕೂಗು ನಮ್ಮ ಮನೆಗೂ ಕೇಳುತ್ತಿತ್ತು. "ಅಲ್ಲಿಗೆ ಆಂಟಿಯ ಓಟ ಮುಗೀತು" ಎಂದು ನನ್ನ ಮಗ ಹಾಸಿಗೆಯಲ್ಲೇ ಹೇಳುತ್ತಿದ್ದ.

ಒಮ್ಮೆ ಕಚೇರಿಯಲ್ಲಿ ಸಮಯ ನಿರ್ವಹಣೆಯ ಬಗ್ಗೆ ತರಬೇತಿ ಇಟ್ಟಿದ್ದರು. ಕೋಟು ತೊಟ್ಟವರೊಬ್ಬರು ಬಂದು ಬಣ್ಣಬಣ್ಣದ ಚೌಕಗಳನ್ನು ಬರೆದು ತೋರಿಸಿದರು. ಮುಖ್ಯವಾದದ್ದು ಯಾವುದು, ಅವಸರದ್ದು ಯಾವುದು ಬೇರೆಬೇರೆ ಮಾಡಿ ಎಂದರು. ಊಟದ ಬಿಡುವಿನಲ್ಲಿ ನಾನು ಅವರನ್ನು ಕೆಣಕಿದೆ, "ನಿಮ್ಮ ಓಟ ಯಾವ ಚೌಕಕ್ಕೆ ಬರುತ್ತೆ ಮೇಡಂ?" ಚಳಿಗಾಲದ ಬಿಸಿಲಿಗೆ ಎಲ್ಲರೂ ಹುಲ್ಲುಹಾಸಿನ ಮೇಲೆ ಕಿತ್ತಳೆ ಸುಲಿಯುತ್ತ, ಕಡಲೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಅವರು ಯೋಚಿಸಿ ಹೇಳಿದರು, "ಯಾವ ಚೌಕಕ್ಕೂ ಬರಲ್ಲ ಸಾರ್. ಚೌಕಕ್ಕೆ ಹಾಕಿದ್ರೆ ಯಾರಾದ್ರೂ ಬಂದು ಅಳಿಸ್ತಾರೆ. ಟೈಮ್ ಕೊಡಿ ಅಂತ ಕೇಳಿದ್ರೆ ಯಾರೂ ಕೊಡಲ್ಲ. ಎದ್ದು ಹೋಗ್ಬಿಡ್ಬೇಕು."

ಓಡಲು ಶುರುಮಾಡಿದ ಬಗೆಯನ್ನೂ ಆಗಲೇ ಹೇಳಿದ್ದು. ನಲವತ್ತನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಕಚೇರಿಯ ಬಸ್ಸು ತಪ್ಪಿತು. ಸೀರೆ ಎತ್ತಿ ಕಟ್ಟಿ, ಟಿಫಿನ್ ಚೀಲ ಕಂಕುಳಲ್ಲಿ ಇರುಕಿಕೊಂಡು ಮುಂದಿನ ಸ್ಟಾಪಿನವರೆಗೂ ಅದರ ಹಿಂದೆ ಓಡಿದರು.

"ಸಿಕ್ತಾ?" ಎಂದೆ.

"ಬಸ್ಸು ಸಿಗಲಿಲ್ಲ ಸಾರ್. ಆದ್ರೆ ಓಡಿದ್ದು ಚೆನ್ನಾಗಿತ್ತು."

ಅಷ್ಟೇ. ಸ್ಕೂಲಿನಲ್ಲಿ ಮೆಡಲ್ಲು ಗೆದ್ದಿರಲಿಲ್ಲ, ಸಕ್ಕರೆ ಕಾಯಿಲೆ ಇರಲಿಲ್ಲ, ಯಾರೊಂದಿಗೂ ಪಂಥ ಕಟ್ಟಿರಲಿಲ್ಲ. ಭಾನುವಾರದ ದೊಡ್ಡ ಓಟಗಳಿಗೆ ಟೀಶರ್ಟು ಕೊಟ್ಟು ಕರೆಯುತ್ತಾರಲ್ಲ, ಅವಕ್ಕೂ ಹೋದವರಲ್ಲ. ಹಾಗಾದರೆ ಯಾಕೆ ಎಂದು ನಾನು ಬಿಡದೆ ಕೇಳಿದೆ. ಕಾರಣವಿಲ್ಲದ ಕೆಲಸ ನಮ್ಮಂಥ ಕಡತದ ಮನುಷ್ಯರಿಗೆ ಜೀರ್ಣವಾಗುವುದಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತ ಅವರು ಹೇಳಿದ ಮಾತು ಇದು: "ದಿನವೆಲ್ಲ ಬೇರೆಯವರ ಮಾತು ಬರ್ಕೊಳ್ಳೋದೇ ನನ್ನ ಕೆಲಸ ಅಲ್ವಾ ಸಾರ್. ಮನೇಗೆ ಹೋದ್ರೆ ಅಲ್ಲೂ ಅವರಿಗೆ ಇದು ಬೇಕು, ಇವರಿಗೆ ಅದು ಬೇಕು. ಕಿವೀಲಿ ಯಾವಾಗ್ಲೂ ಯಾರೋ ಡಿಕ್ಟೇಶನ್ ಕೊಡ್ತಾನೇ ಇರ್ತಾರೆ. ಓಡೋವಾಗ ಮೂರನೇ ಸುತ್ತಿಗೆ ಅದು ನಿಲ್ಲುತ್ತೆ. ಆಮೇಲಿನ ಐದು ಸುತ್ತು ನಂದು."

ಇದನ್ನು ಕೇಳಿ ನನಗೂ ಉಮೇದು ಬಂತು. ಹೊಸ ಶೂ ತಂದು ಮರುದಿನವೇ ಅವರ ಹಿಂದೆ ಓಡಿದೆ. ಎರಡನೇ ಸುತ್ತಿಗೆ ನನ್ನ ಕಿವಿಯಲ್ಲಿ ಡಿಕ್ಟೇಶನ್ ನಿಲ್ಲಲಿಲ್ಲ, ಉಸಿರೇ ನಿಲ್ಲುವಂತಾಯಿತು. ಆ ಕಂದು ನಾಯಿಯೂ ಎರಡು ಸುತ್ತು ಓಡಿ ಬೇವಿನ ಬುಡದಲ್ಲಿ ಕೂರುತ್ತಿತ್ತು, ನಾನೂ ಅದರ ಪಕ್ಕ ಕುಳಿತೆ. ಮೇಲಿನಿಂದ ಅಜ್ಜಿ ನೋಡಿ ನಕ್ಕದ್ದು ಕೇಳಿಸಿತು. ನಾಯಿಗೂ ನನಗೂ ಇದ್ದ ವ್ಯತ್ಯಾಸ ಒಂದೇ, ಅದು ಮರುದಿನವೂ ಬಂತು. ಶೂ ಈಗ ನನ್ನ ಮಗನ ಕಾಲಲ್ಲಿದೆ.

ನಮ್ಮ ಕಾಲೋನಿಯ ಗೋಡೆಗಳ ಮೇಲೆ ಕಲಾವಿದರು ದೊಡ್ಡದೊಡ್ಡ ಚಿತ್ರ ಬರೆದ ಮೇಲೆ ಬೆಳಗಾದರೆ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರ ಜಾತ್ರೆ. ಅವರಲ್ಲೊಬ್ಬ ಒಂದು ದಿನ ಇವರನ್ನು ತಡೆದು, ಚಿತ್ರದ ಮುಂದೆ ಇನ್ನೊಮ್ಮೆ ಓಡಿ ಆಂಟಿ, ಫೋಟೋ ಚೆನ್ನಾಗಿ ಬರುತ್ತೆ ಎಂದು ಹಿಂದಿಯಲ್ಲಿ ಬೇಡಿಕೊಂಡ. ಇವರು ನಿಲ್ಲದೆಯೇ, "ಚಾರ್ ಮಿನಿಟ್ ರುಕೋ ಭಯ್ಯಾ, ಫಿರ್ ಆವೂಂಗೀ" ಎಂದು ಹೋದರು. ಆತ ನಾಲ್ಕು ನಿಮಿಷ ಕಾದ, ಅವರು ಮತ್ತೆ ಬಂದರು, ಕ್ಲಿಕ್ಕಿಸಿದ. ಫೋಟೋ ತೋರಿಸುತ್ತೇನೆಂದು ಕೂಗಿದರೆ ಆಗಲೇ ತಿರುವಿನಲ್ಲಿದ್ದರು. ನೇರಳೆ ಹಣ್ಣು ಉದುರುವ ಕಾಲ, ರಸ್ತೆಯೆಲ್ಲ ಬಣ್ಣವಾಗಿತ್ತು, ಅವರ ಬಿಳಿ ಶೂ ಕೂಡ. ಅವರನ್ನು ನೆನೆದರೆ ಮೊದಲು ನನ್ನ ಕಣ್ಣಿಗೆ ಬರುವುದು ಆ ಶೂಗಳೇ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ.

ದೆಹಲಿಯ ಕನ್ನಡಿಗ ನೌಕರರಿಗೆ ಒಂದು ಕಾಯಿಲೆ ಇದೆ, ನನಗೂ ಇದೆ. ನಮ್ಮ ರಾಜ್ಯದವರು ಯಾರಾದರೂ ಮಂತ್ರಿಯಾದರೆ ನಮಗೇ ಪಟ್ಟ ಕಟ್ಟಿದಂತೆ ಹಿಗ್ಗುತ್ತೇವೆ. ಹೂಗುಚ್ಛ ಹಿಡಿದು ಬಂಗಲೆಯ ಮುಂದೆ ಸಾಲು ನಿಲ್ಲುತ್ತೇವೆ. ಆ ವರ್ಷ ನಮ್ಮ ಸಚಿವಾಲಯಕ್ಕೇ ಕನ್ನಡದ ಮಂತ್ರಿ ಬಂದರು. ಅವರ ಆಪ್ತ ಕಾರ್ಯದರ್ಶಿ ನಮ್ಮ ಪಕ್ಕದ ತಾಲ್ಲೂಕಿನವನು. ಫೋನು ಮಾಡಿ, "ಕನ್ನಡ, ಇಂಗ್ಲಿಷ್ ಎರಡೂ ಡಿಕ್ಟೇಶನ್ ತಗೊಳ್ಳೋರು ಒಬ್ಬರು ಬೇಕಲ್ಲ, ನಂಬಿಕಸ್ತರು, ಯಾರಾದ್ರೂ ಇದಾರಾ?" ಎಂದ. ನಾನು ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ. "ಇದಾರೆ, ನಮ್ಮ ಪಕ್ಕದ ಮನೆಯವರೇ, ಚಿನ್ನದಂಥವರು" ಎಂದು ಹೆಸರು, ಹುದ್ದೆ ಎಲ್ಲ ಹೇಳಿಬಿಟ್ಟೆ. ಮಂತ್ರಿಯ ಖಾಸಗಿ ಸಿಬ್ಬಂದಿಗೆ ಸೇರುವುದೆಂದರೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಅವರಿಗೆ ಕುಳಿತಲ್ಲೇ ಕೊಡಿಸಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವರನ್ನು ಒಂದು ಮಾತು ಕೇಳಬೇಕು ಎಂಬುದು ಹೊಳೆಯಲೇ ಇಲ್ಲ.

ಮೂರನೇ ದಿನ ಆದೇಶ ಬಂತು. ಸಂಜೆ ಒಂದು ಡಬ್ಬ ಬರ್ಫಿ ಹಿಡಿದು ಅವರ ಮನೆಗೆ ಹೋದೆ. ಆದೇಶದ ಕಾಗದ ಟೀಪಾಯಿಯ ಮೇಲಿತ್ತು.

"ನೀವೇ ಹೇಳಿದ್ದಂತಲ್ಲ ಸಾರ್?"

"ನಾನೇ! ನಮ್ಮವರಿಗೆ ನಾವು ಮಾಡದೇ ಇನ್ಯಾರು ಮಾಡ್ತಾರೆ ಮೇಡಂ?"

ಅವರು ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಬೆಳಿಗ್ಗೆ ಎಷ್ಟಕ್ಕೆ ಬರಬೇಕಂತೆ?"

"ಮಂತ್ರಿಗಳು ಬೇಗ ಏಳ್ತಾರೆ. ಆರಕ್ಕೆ ಬಂಗಲೇಲಿ ಇರಬೇಕಾಗುತ್ತೆ. ಕಾರು ಬರುತ್ತೆ, ನಿಮಗೇನು!" ಎಂದೆ.

ಬರ್ಫಿಯ ಡಬ್ಬವನ್ನು ಅವರು ತೆರೆಯಲಿಲ್ಲ. ಮರ್ಯಾದೆಗೆ ಟೀ ಕೊಟ್ಟರು.

ಮುಂದಿನ ಸೋಮವಾರದಿಂದ ಐದೂವರೆಗೆ ಬಿಳಿ ಕಾರು ಬರತೊಡಗಿತು. ಊರಿನ ರೈಲು ಇಳಿದವರೆಲ್ಲ ನೇರ ಬಂಗಲೆಗೆ ಬರುತ್ತಿದ್ದರು. ಒಬ್ಬರಿಗೆ ಆಸ್ಪತ್ರೆಗೆ ಶಿಫಾರಸು, ಇನ್ನೊಬ್ಬರಿಗೆ ಹಿಂದಿರುಗುವ ಟಿಕೆಟ್ಟಿಗೆ ಪತ್ರ, ಮತ್ತೊಬ್ಬರಿಗೆ ಅಳಿಯನ ವರ್ಗಾವಣೆ. ಎಲ್ಲರ ಮಾತನ್ನೂ ಇವರೇ ಬರೆದುಕೊಳ್ಳಬೇಕು. ಮನೆಗೆ ಬರುವಾಗ ರಾತ್ರಿ ಎಂಟು. ಅತ್ತೆಗೆ ಹಗಲಿಗೆ ಒಬ್ಬ ಆಯಾಳನ್ನು ಗೊತ್ತುಮಾಡಿದರು. ನಾನು ಹಾಲಿಗೆ ಹೋಗುವಾಗ ರಸ್ತೆಯಲ್ಲಿ ಆ ಹೆಜ್ಜೆಯ ಸದ್ದಿಲ್ಲ. ನಾಯಿ ಬೇವಿನ ಬುಡದಲ್ಲಿ ಕುಳಿತು ತಿರುವಿನ ಕಡೆ ನೋಡುತ್ತಿತ್ತು. ನಾನು ಬಾಲ್ಕನಿಯ ಕಡೆ ನೋಡದೆ ಬೂತಿಗೆ ನಡೆದೆ.

ನನ್ನ ಮೇಲೆ ವಿಚಾರಣೆ ನಡೆಸಿದ್ದು ಅಜ್ಜಿ. ಅವರು ಕೈ ಬೀಸಿ ಕರೆದರೆಂದು ಒಂದು ಭಾನುವಾರ ಮೇಲೆ ಹೋದೆ.

"ನೀನಂತಲ್ಲಪ್ಪಾ ಅವ್ಳ ಹೆಸರು ಕೊಟ್ಟೋನು?"

"ಹೌದಜ್ಜಿ. ದೊಡ್ಡ ಜಾಗ ಅದು."

"ದೊಡ್ಡ ಜಾಗ ಇಟ್ಕೊಂಡು ಏನ್ ಮಾಡಾನ? ಬೆಳಿಗ್ಗೆ ಎದ್ದು ನಾನು ಯಾರ್ನ ನೋಡ್ಲಿ? ಅವ್ಳು ಓಡ್ತಿದ್ರೆ ನಾನೂ ಒಂದೀಟು ಹೊರಗೆ ಹೋಗಿ ಬಂದಂಗೆ ಆಗ್ತಿತ್ತು." ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು, "ಈಗ ನಗೋದೇ ಬಿಟ್ಟವ್ಳೆ. ಮೊನ್ನೆ ಮಗೀಗೆ ಹೊಡೆದ್ಲು. ಯಾವತ್ತೂ ಹೊಡೆದೋಳಲ್ಲ."

ಬೀದಿಯಲ್ಲಿ ಓಡುವ ಸೊಸೆಯ ಮೇಲೆ ಬಂದವರ ಮುಂದೆಲ್ಲ ದೂರು ಹೇಳಿದ್ದ ಮುದುಕಿ, ಆ ಓಟ ನಿಲ್ಲಿಸಿದ್ದಕ್ಕೆ ನನ್ನನ್ನು ಗದರಿಸುತ್ತಿದ್ದರು. ನಾನು ತಲೆ ತಗ್ಗಿಸಿ ಮೆಟ್ಟಿಲಿಳಿದೆ.

ತಪ್ಪು ಮಾಡಿದವನು ಸುಮ್ಮನಿರಬೇಕಿತ್ತು, ಇಲ್ಲವೇ ಈಗಲಾದರೂ ಅವರನ್ನೇ ಕೇಳಬೇಕಿತ್ತು. ನಾನು ಸರಿಪಡಿಸಲು ಹೊರಟೆ. ಆಪ್ತ ಕಾರ್ಯದರ್ಶಿಯ ಬಳಿಗೆ ಹೋಗಿ, ಅವರನ್ನು ಬೆಳಗಿನ ಕೆಲಸದಿಂದ ಬಿಡಿ ಎಂದು ಕೇಳುವುದು. ಹೋಗುವ ದಾರಿಯುದ್ದಕ್ಕೂ ಕಾರಣ ಏನು ಹೇಳಲಿ ಎಂದು ಯೋಚಿಸಿದೆ. ಸಾಂದರ್ಭಿಕ ರಜೆ ಇದೆ, ಗಳಿಕೆ ರಜೆ ಇದೆ, ಮಕ್ಕಳ ಆರೈಕೆಗೆ ರಜೆ ಇದೆ. ಹೆಂಗಸೊಬ್ಬಳು ಬ್ಲಾಕಿನ ಸುತ್ತ ಸುಮ್ಮನೆ ಎಂಟು ಸುತ್ತು ಓಡಬೇಕು ಎನ್ನುವುದಕ್ಕೆ ನಮ್ಮ ನಿಯಮಾವಳಿಯಲ್ಲಿ ಸಾಲೇ ಇಲ್ಲ. ಕೊನೆಗೆ ಅವನ ಮುಂದೆ ನಿಂತು, "ಅವರ ಅತ್ತೆಗೆ ತೀರಾ ಹುಷಾರಿಲ್ಲ, ದಿನ ಎಣಿಸೋ ಹಾಗಾಗಿದೆ" ಎಂದುಬಿಟ್ಟೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಹೀಗೆ.

ಮರುದಿನ ಮಂತ್ರಿಗಳೇ ಅವರನ್ನು ಕರೆದು ಅತ್ತೆಯ ಬಗ್ಗೆ ವಿಚಾರಿಸಿ ಧೈರ್ಯ ಹೇಳಿದರಂತೆ. ಸಂಜೆ ಅವರು ನಮ್ಮ ಬಾಗಿಲು ತಟ್ಟಿದರು. ಮೂರು ವರ್ಷದ ಪರಿಚಯದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ, ಆ ದಿನವೂ ಏರಲಿಲ್ಲ.

"ನಮ್ಮತ್ತೆ ಬದುಕಿದಾರೆ ಸಾರ್. ಅವರ ಸಾವನ್ನ ನನ್ನ ಓಟಕ್ಕೆ ಖರ್ಚು ಮಾಡ್ಬೇಡಿ."

"ನಿಮಗೆ ಒಳ್ಳೇದಾಗ್ಲಿ ಅಂತ..."

"ಮೊದಲನೇ ಸಲನೂ ಅದಕ್ಕೇ ಅಲ್ವಾ ಮಾಡಿದ್ದು? ಎರಡು ಸಲನೂ ನನ್ನನ್ನ ಕೇಳಲಿಲ್ಲ ನೀವು."

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಕೂತ್ಕೊಳ್ಳಿ ಎಂದಳು, ಅವರು ಕೂರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಉಪಕಾರ ಮಾಡಿದೆ ಎಂಬ ಹೆಮ್ಮೆ ಇಳಿದು, ಅದರ ತಳದಲ್ಲಿ ಇದ್ದದ್ದು ಬರೀ ನನ್ನ ದೊಡ್ಡಸ್ತಿಕೆ ಎಂದು ಕಂಡಿತು. ನಾಚಿಕೆಯಾಯಿತು.

ಮುಂದಿನದ್ದನ್ನು ಅವರೇ ಮಾಡಿಕೊಂಡರು. ಒಂದು ಬೆಳಿಗ್ಗೆ ಡಿಕ್ಟೇಶನ್ ಮುಗಿದ ಮೇಲೆ ಮಂತ್ರಿಗಳು ಎಂದಿನಂತೆ, "ಮತ್ತೇನಮ್ಮ?" ಎಂದರಂತೆ.

"ಸಾರ್, ಸೋಮವಾರದಿಂದ ನಾನು ಏಳೂವರೆಗೆ ಬರ್ತೀನಿ."

"ಅತ್ತೆಗೆ ಹೇಗಿದೆ?"

"ಅವರು ಚೆನ್ನಾಗಿದಾರೆ ಸಾರ್. ಹೇಳಿದೋರು ಸುಳ್ಳು ಹೇಳಿದಾರೆ. ನಾನು ಬೆಳಿಗ್ಗೆ ಓಡ್ತೀನಿ, ಅದಕ್ಕೆ."

"ಓಡ್ತೀರಾ? ಎಲ್ಲಿಗೆ?"

"ಎಲ್ಲಿಗೂ ಇಲ್ಲ ಸಾರ್, ನಮ್ಮ ಬ್ಲಾಕ್ ಸುತ್ತ."

ಮಂತ್ರಿಗಳು ತೊಡೆ ತಟ್ಟಿಕೊಂಡು ನಕ್ಕರಂತೆ. "ನನ್ನತ್ರ ಎಲ್ಲಾರೂ ಏನಾದ್ರೂ ಕೇಳೋಕೆ ಬರ್ತಾರೆ. ನೀವು ಹೇಳೋಕೆ ಬಂದಿದೀರಿ. ಆಗ್ಲಿ ಬಿಡಿ" ಎಂದರಂತೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಎರಡು ವಾರ ಅವರು ಓಡಿ ಏಳೂವರೆಗೆ ಹೋದರು, ಮೂರನೇ ವಾರ ಆಪ್ತ ಕಾರ್ಯದರ್ಶಿ ಅವರನ್ನು ವಾಪಸ್ ಕಳಿಸಿದ. ಹಾಕಿದ್ದು ನೆಲಮಾಳಿಗೆಯ ಟಪಾಲು ವಿಭಾಗಕ್ಕೆ. ಕಿಟಕಿ ಇಲ್ಲ, ಬರೀ ಚೀಲಗಳು, ಅಂಟಿನ ವಾಸನೆ. ಕಚೇರಿಯಲ್ಲಿ ಅದನ್ನು ಶಿಕ್ಷೆ ಎಂದೇ ಎಲ್ಲರೂ ಬಲ್ಲರು. ಜನ ಸಾವಿನ ಮನೆಗೆ ಹೋದಂತೆ ಮುಖ ಮಾಡಿಕೊಂಡು ಅವರನ್ನು ನೋಡಿಬಂದರು. ನಾನು ಹೋದಾಗ ಅವರು ಮೇಜು ಒರೆಸುತ್ತಿದ್ದರು. "ಸಾರ್, ಇಲ್ಲಿ ಒಂಬತ್ತಕ್ಕೆ ಬಂದ್ರೆ ಸಾಕಂತೆ!" ಎಂದರು. ಮುಖದಲ್ಲಿ ಅಷ್ಟು ಬೆಳಕನ್ನು ಏಳು ತಿಂಗಳಿಂದ ನೋಡಿರಲಿಲ್ಲ.

ಆ ವರ್ಷದ ಅವರ ಕೆಲಸದ ವರದಿಯಲ್ಲಿ ಅದೇ ಪೂಜಾರಿ ಬರೆದ, 'ಬೇಕಾದ ಹೊತ್ತಿಗೆ ಸಿಗುವುದಿಲ್ಲ' ಎಂದು. ಅದರಿಂದ ಅವರ ಮುಂದಿನ ಬಡ್ತಿ ನಿಂತಿತು, ಅವರಿಗಿಂತ ಕಿರಿಯರು ಮೇಲೆ ಹೋದರು. ಮೇಲ್ಮನವಿ ಬರೆಯಿರಿ, ಕರಡು ನಾನೇ ಮಾಡಿಕೊಡುತ್ತೇನೆ ಎಂದೆ. ಈ ಸಲ ಕೇಳಿಯೇ ಹೇಳಿದ್ದು.

"ಬೇಡ ಸಾರ್. ಸರಿಯಾಗೇ ಬರೆದಿದಾರಲ್ಲ" ಎಂದರು.

ಅಜ್ಜಿ ಅದಾದ ಮೇಲೆ ಎರಡು ವರ್ಷ ಇದ್ದರು, ಬೀಜ ಎಣಿಸುತ್ತಲೇ. ಅವರು ಹೋದ ಮೇಲೆ ಸೊಸೆಗೆ ಬ್ಲಾಕಿನ ಸುತ್ತಲೇ ತಿರುಗಬೇಕೆಂಬ ಕಟ್ಟುಪಾಡು ಉಳಿಯಲಿಲ್ಲ. ಉದ್ಯಾನಕ್ಕೆ ಹೋಗಲು ಶುರುಮಾಡಿದರು, ಆಮೇಲೆ ಅದರಾಚೆಗೂ. ಒಂದು ದಿನ ಹಾಲಿನ ಬೂತಿನ ಬಳಿ ಸಿಕ್ಕಾಗ, "ಈಗ ಎಷ್ಟು ಬೇಕಾದ್ರೂ ಓಡಬಹುದು ಸಾರ್, ಎಣಿಸೋರೇ ಇಲ್ಲ" ಎಂದು ನಗಲು ಹೋಗಿ, ನಗಲಾಗದೆ, ಶೂ ದಾರ ಕಟ್ಟಿಕೊಳ್ಳಲು ಬಗ್ಗಿದರು. ದಾರ ಬಿಚ್ಚಿರಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಬೀಳ್ಕೊಡುಗೆಯ ಸಂಜೆ ಅವರನ್ನು ಮನೆಗೆ ಬಿಡುವ ಕಾರಿನವರೆಗೂ ನಾನೇ ಗಡಿಯಾರದ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಇನ್ನು ಕೆಲವೇ ತಿಂಗಳಲ್ಲಿ ಸರ್ಕಾರಿ ಮನೆ ಬಿಟ್ಟು ಮಯೂರ್ ವಿಹಾರದ ಸ್ವಂತ ಫ್ಲ್ಯಾಟಿಗೆ ಹೋಗುತ್ತಾರೆ. "ಮೇಡಂ, ಒಳಗೆ ನಾನು ಹೇಳಿದ್ದೆಲ್ಲ ಸುಳ್ಳು" ಎಂದೆ.

"ಗೊತ್ತು ಸಾರ್. ಬೀಳ್ಕೊಡುಗೇಲಿ ಎಲ್ಲಾರೂ ಅದನ್ನೇ ಹೇಳ್ತಾರೆ."

"ನಿಮ್ಮ ಬಡ್ತಿ ನನ್ನಿಂದ ಹೋಯ್ತು. ಅದನ್ನ ಒಂದು ಸಲನಾದ್ರೂ ನಿಮ್ಮ ಮುಂದೆ ಹೇಳ್ಬೇಕಿತ್ತು."

ಅವರು ಹಾರ ತೆಗೆದು ಸೀಟಿನ ಮೇಲಿಟ್ಟರು. ಕಾರಿನೊಳಗೆ ಕುಳಿತು ಗಾಜು ಇಳಿಸಿ ಕೇಳಿದರು, "ಸಾರ್, ನಿಮ್ಮ ಮನೆಯವರಿಗೆ ಬೆಳಿಗ್ಗೆ ಎಷ್ಟು ಹೊತ್ತು ಸಿಗುತ್ತೆ?"

ಉತ್ತರಕ್ಕೆ ಅವರು ಕಾಯಲಿಲ್ಲ, ಕಾರು ಹೊರಟಿತು. ಇನ್ನೊಬ್ಬರ ಮನೆಯ ಹೆಂಗಸಿನ ಮೂವತ್ತೆರಡು ನಿಮಿಷದ ಲೆಕ್ಕ ನನಗೆ ಬಾಯಿಪಾಠ. ಇಪ್ಪತ್ತೇಳು ವರ್ಷ ಜೊತೆಗಿದ್ದವಳು ಐದರಿಂದ ಎಂಟರವರೆಗೆ ಏನೇನು ಮಾಡುತ್ತಾಳೆ ಎಂದರೆ ಕಾಫಿ, ತಿಂಡಿ, ಡಬ್ಬಿ ಎಂಬಲ್ಲಿಗೆ ನನ್ನ ಜ್ಞಾನ ಮುಗಿಯುತ್ತಿತ್ತು. ಊರಿನಿಂದ ದೆಹಲಿ ನೋಡಲು ಬರುವ ನೆಂಟರು, ನೆಂಟರ ನೆಂಟರು, ಸಂದರ್ಶನಕ್ಕೆ ಬರುವ ಹುಡುಗರು, ಎಲ್ಲರಿಗೂ ಫೋನಿನಲ್ಲೇ "ಬನ್ನಿ ಬನ್ನಿ, ನಮ್ಮ ಮನೆ ಇರುವಾಗ ಹೋಟೆಲ್ ಯಾಕೆ?" ಎನ್ನುತ್ತ ಬಂದವನು ನಾನು. ಆ ಮಾತು ಹೇಳುವ ಮೊದಲು ಒಮ್ಮೆಯಾದರೂ ಅಡುಗೆಮನೆಯ ಕಡೆ ತಿರುಗಿ ನೋಡಿದ್ದೇನೆಯೇ ಎಂದು ಮೆಟ್ರೋದಲ್ಲಿ ನಿಂತು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ.

ಮನೆಗೆ ಬಂದಾಗ ಅವಳು ಒಲೆಯ ಮುಂದೆ ಇದ್ದಳು. ಶೂ ಬಿಚ್ಚಿ ನೇರ ಅಲ್ಲಿಗೇ ಹೋದೆ. ಹೇಗೆ ಕೇಳಬೇಕೋ ತಿಳಿಯಲಿಲ್ಲ, ಅಭ್ಯಾಸವಿಲ್ಲದ ಮಾತು.

"ನಾಳೆಯಿಂದ ಬೆಳಿಗ್ಗೆ ನಿನಗೆ ಒಂದರ್ಧ ಗಂಟೆ ಬಿಡುವು ಆಗುತ್ತಾ?" ಎಂದೆ.

ಅವಳು ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಯಾರು ಬರ್ತಿದಾರೆ?" ಎಂದಳು. "ಎಷ್ಟು ಜನ?"